ಬಸವನಗುಡಿಯ ತಿಂಡಿ ಮತ್ತು ಇತಿಹಾಸದ ನಡಿಗೆ: ಯಾವ ಕಥೆ ಹೇಳಬೇಕು, ಯಾವುದನ್ನು ಬಿಡಬೇಕು?

ಬೀದಿಸಂಚಾರಿ:
ನಮ್ಮ ನಿವಾಸಿಗಳ ಸಂಘಕ್ಕೆ ಬರುವ ತಿಂಗಳು ಬೇರೆ ಊರುಗಳಿಂದ ಹದಿನೈದು ಮಂದಿ ಅತಿಥಿಗಳು ಬರುತ್ತಿದ್ದಾರೆ. ಅವರಿಗೆ ಅರ್ಧ ದಿನ ಬೆಂಗಳೂರಿನ ಬಸವನಗುಡಿಯನ್ನು ಸುತ್ತಿಸಿ, ದಾರಿಯುದ್ದಕ್ಕೂ ತಿಂಡಿ ಕೊಡಿಸಿ, ಬಡಾವಣೆಯ ಇತಿಹಾಸವನ್ನು ಹೇಳುವ ಹೊಣೆಯನ್ನು ನನಗೆ ವಹಿಸಿದ್ದಾರೆ. ನಾನು ವೃತ್ತಿಯಿಂದ ಗೈಡ್ ಅಲ್ಲ. ಇಲ್ಲಿಯೇ ಹುಟ್ಟಿ ಬೆಳೆದವನು ಎಂಬುದಷ್ಟೇ ನನ್ನ ಅರ್ಹತೆ.

ಸದ್ಯಕ್ಕೆ ಹಾಕಿಕೊಂಡಿರುವ ದಾರಿ ಹೀಗಿದೆ: ಭಾನುವಾರ ಬೆಳಿಗ್ಗೆ ಎಂಟಕ್ಕೆ ದೊಡ್ಡ ಬಸವಣ್ಣನ ಗುಡಿ, ಅಲ್ಲಿಂದ ಬ್ಯೂಗಲ್ ರಾಕ್, ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಿ.ವಿ. ಪುರದ ತಿಂಡಿ ಬೀದಿ, ಕೊನೆಗೆ ಎಂ.ಟಿ.ಆರ್. ಹೋಟೆಲಿನಲ್ಲಿ ಊಟ. ಹೇಳಬೇಕೆಂದಿರುವ ಕಥೆಗಳು ಮೂರು: ಕಡಲೆಕಾಯಿ ತಿನ್ನುತ್ತಿದ್ದ ಬಸವನಿಗೆ ಕೆಂಪೇಗೌಡರು ಗುಡಿ ಕಟ್ಟಿಸಿದ್ದು, ಪ್ಲೇಗಿನಿಂದಾಗಿ ಬಡಾವಣೆ ಹುಟ್ಟಿದ್ದು, ಯುದ್ಧದ ಕಾಲದಲ್ಲಿ ರವೆ ಇಡ್ಲಿ ಬಂದದ್ದು. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ತಿದ್ದಬೇಕು ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಕಾಫಿಪ್ರಿಯೆ:
ಭಾನುವಾರ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ರಜೆ. ಅತಿಥಿಗಳಿಗೆ ಮುಚ್ಚಿದ ಬಾಗಿಲಿನ ಇತಿಹಾಸವನ್ನು ಹೇಳಿ ಕಳುಹಿಸುತ್ತೀರಾ?

ನಾಲ್ಕನೇ_ಮೇನ್:
ಶುಕ್ರವಾರ ವಿದ್ಯಾರ್ಥಿ ಭವನಕ್ಕೆ, ಸೋಮವಾರ ಎಂ.ಟಿ.ಆರ್.ಗೆ ರಜೆ ಎಂಬುದನ್ನೂ ಸೇರಿಸಿಕೊಳ್ಳಿ. ಇನ್ನು ತಿಂಡಿ ಬೀದಿ ಕಳೆಗಟ್ಟುವುದು ಸಂಜೆಯ ಹೊತ್ತಿಗೆ. ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿಗೆ ಹೋದರೆ ಅದು ಎಲ್ಲ ಬೀದಿಗಳಂತೆ ಒಂದು ಬೀದಿ, ಅಷ್ಟೆ. ಅದನ್ನು ಪಟ್ಟಿಯಿಂದ ತೆಗೆದುಹಾಕಿ. ಜನವರಿಯ ಅವರೆಕಾಯಿ ಮೇಳ ಆ ಬೀದಿಯಲ್ಲೇ ನಡೆಯುತ್ತಿದ್ದ ಕಾಲವಾಗಿದ್ದರೆ ಮಾತು ಬೇರೆ ಇತ್ತು.

ಶಾಸನಪ್ರಿಯ:
ಕಡಲೆಕಾಯಿಯ ಕಥೆಯ ಬಗ್ಗೆ ನನ್ನ ಆಕ್ಷೇಪವಿದೆ. ಕೆಂಪೇಗೌಡರು ಬೆಂಗಳೂರು ಪೇಟೆಗೆ ಅಡಿಪಾಯ ಹಾಕಿದ್ದು 1537ರಲ್ಲಿ ಎಂಬುದು ಎಲ್ಲರೂ ಒಪ್ಪಿಕೊಂಡು ಬಂದಿರುವ ವರ್ಷ, ಮತ್ತು ಗುಡಿಯನ್ನೂ ಸಾಮಾನ್ಯವಾಗಿ ಅದೇ ಕಾಲಕ್ಕೆ ಸೇರಿಸಿ ಹೇಳುತ್ತಾರೆ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರು ಬ್ರೆಜಿಲ್ ತೀರವನ್ನು ಮುಟ್ಟಿದ್ದು 1500ರಲ್ಲಿ, ಗೋವೆಯನ್ನು ಹಿಡಿದದ್ದು 1510ರಲ್ಲಿ. ಅದಾದ ಮೂರು ದಶಕಗಳೂ ಕಳೆಯುವ ಮೊದಲೇ ಆ ಬೆಳೆ ಸಮುದ್ರ ದಾಟಿ, ಘಟ್ಟ ಹತ್ತಿ, ಸುಂಕೇನಹಳ್ಳಿಯ ರೈತರು ಬಸವನ ಕಾಟದಿಂದ ಕಂಗೆಡುವಷ್ಟು ಹೊಲ ತುಂಬಿಕೊಂಡಿತ್ತು ಎಂದು ನಂಬುವುದು ಕಷ್ಟ. ನಮ್ಮ ನಾಡಿನಲ್ಲಿ ಅದು ವ್ಯಾಪಕವಾಗಿ ಬೆಳೆದದ್ದು ಬಹಳ ತಡವಾಗಿ. ಆದ್ದರಿಂದ ಆ ಕಥೆಯನ್ನು ಇಸವಿಯೊಂದಿಗೆ ಕಟ್ಟಿ, ನಡೆದ ಘಟನೆಯೆಂಬಂತೆ ಹೇಳಬಾರದು.

ಹೂವಿನಂಗಡಿ_ಮೂಲೆ:
ಶಾಸನಪ್ರಿಯರೇ, ನಿಮ್ಮ ಲೆಕ್ಕಾಚಾರ ಸರಿಯಿರಬಹುದು, ಆದರೆ ಕಾರ್ತಿಕ ಮಾಸದ ಕೊನೆಯ ಸೋಮವಾರ ಗುಡಿಯ ಬಳಿಯ ಕಡಲೆಕಾಯಿ ಪರಿಷೆಗೆ ಬಂದು ಮೊದಲ ಕಾಯಿಯನ್ನು ಬಸವಣ್ಣನಿಗೆ ಅರ್ಪಿಸುವ ರೈತ ಪೋರ್ಚುಗೀಸರನ್ನು ನೆನೆದು ಬರುವುದಿಲ್ಲ. ನಂಬಿಕೆಯೂ ಇತಿಹಾಸದ ಒಂದು ಭಾಗವೇ ಅಲ್ಲವೇ?

ಶಾಸನಪ್ರಿಯ:
ನಂಬಿಕೆ ಇದೆ ಎಂಬುದು ಇತಿಹಾಸ; ನಂಬಿದ್ದೆಲ್ಲವೂ ನಡೆದದ್ದು ಎಂಬುದು ಇತಿಹಾಸವಲ್ಲ. ನಾನು ಕೇಳುತ್ತಿರುವುದು ಇಷ್ಟೇ: "ಹೀಗೊಂದು ಪ್ರತೀತಿ ಇದೆ" ಎಂದು ಹೇಳಿ ಕಥೆಯನ್ನು ಪೂರ್ತಿಯಾಗಿ, ರುಚಿಕಟ್ಟಾಗಿ ಹೇಳಲಿ, ಆಮೇಲೆ ಬೆಳೆ ಎಲ್ಲಿಂದ ಬಂತು ಎಂಬುದನ್ನೂ ಎರಡು ವಾಕ್ಯದಲ್ಲಿ ಹೇಳಲಿ. ಎರಡನೆಯದನ್ನು ಕೇಳಿದರೆ ಅತಿಥಿಗಳ ಕುತೂಹಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಿವೃತ್ತ_ಮೇಷ್ಟ್ರು:
ಇಬ್ಬರ ಮಾತಿನಲ್ಲೂ ಹುರುಳಿದೆ. ಗುಡಿಯ ಸುತ್ತಲಿನ ಕಥೆಗಳೆಲ್ಲವೂ ಬೆಳೆಯ ಮತ್ತು ನೀರಿನ ಕಥೆಗಳು ಎಂಬುದನ್ನು ಗಮನಿಸಬೇಕು. ಬಸವ ಬೆಳೆಯನ್ನು ತಿಂದ, ಬಸವನ ಪಾದದಡಿಯಲ್ಲಿ ವೃಷಭಾವತಿ ಹುಟ್ಟಿತು, ಕಲ್ಲಿನ ಬಸವ ಬೆಳೆಯುತ್ತಲೇ ಹೋದದ್ದರಿಂದ ಅವನ ನೆತ್ತಿಗೆ ತ್ರಿಶೂಲವನ್ನು ಇಡಬೇಕಾಯಿತು ಎಂದೆಲ್ಲ ಹೇಳುತ್ತಾರೆ. ಇದು ಪಟ್ಟಣದ ಹೊರಗೆ ಹೊಲಗದ್ದೆಗಳಿದ್ದ ಊರು ಎಂಬುದಕ್ಕೆ ಇವುಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಎಂಬ ಹಳ್ಳಿಗಳ ಹೆಸರನ್ನು ಹೇಳಿ, ಅವು ಇಂದು ಎಲ್ಲಿವೆ ಎಂದು ಬೆರಳು ಮಾಡಿ ತೋರಿಸಿದರೆ ಅತಿಥಿಗಳಿಗೆ ಹೊಲ ಹೋಗಿ ಬಡಾವಣೆ ಬಂದದ್ದು ತಾನಾಗಿಯೇ ತಿಳಿಯುತ್ತದೆ.

ಪರಿಷೆಯ ದಿನ ಮಾತ್ರ ನಡಿಗೆ ಬೇಡ. ಅಂದು ಅಲ್ಲಿ ಹೆಜ್ಜೆ ಇಡಲು ಜಾಗವಿರುವುದಿಲ್ಲ. ಅಂದು ನೋಡಬೇಕಾದದ್ದು ವ್ಯಾಪಾರವನ್ನು: ಹಸಿ, ಹುರಿದದ್ದು, ಬೇಯಿಸಿದ್ದು ಎಂದು ಬೇರೆ ಬೇರೆ ಗುಡ್ಡೆಗಳು, ಸೇರಿನಲ್ಲಿ ಗೋಪುರದಂತೆ ತುಂಬಿ ಅಳೆಯುವುದು, ಅಳೆದ ಮೇಲೆ ಕೊಸರಿಗಾಗಿ ಗಿರಾಕಿ ಚೀಲದ ಬಾಯಿಯನ್ನು ಇನ್ನೂ ಹಿಡಿದುಕೊಂಡೇ ನಿಲ್ಲುವುದು, ಮಾರುವವನು ಮುಖ ಗಂಟಿಕ್ಕಿಕೊಂಡೇ ಇನ್ನೊಂದು ಹಿಡಿ ಹಾಕುವುದು. ಹದಿನೈದು ಜನರ ಗುಂಪು ಅದನ್ನು ನಿಂತು ನೋಡಲಾಗುವುದಿಲ್ಲ, ಒಬ್ಬಿಬ್ಬರಾಗಿ ಹೋಗಬೇಕು.

ದೊನ್ನೆಭಕ್ತ:
ಎಲ್ಲರೂ ಕಡಲೆಕಾಯಿಯಲ್ಲೇ ಮುಳುಗಿದ್ದೀರಿ. ನನ್ನ ಪ್ರಶ್ನೆ ಬೇರೆ. ದೋಸೆ, ಇಡ್ಲಿ, ಕಾಫಿ, ಮತ್ತೆ ಊಟ, ಎಲ್ಲವೂ ಸಸ್ಯಾಹಾರ. ಬೆಂಗಳೂರಿನ ಆಹಾರದ ಇತಿಹಾಸವೆಂದರೆ ಇಷ್ಟೆಯೇ? ಮಾಂಸದೂಟದ ಮಿಲಿಟರಿ ಹೋಟೆಲುಗಳನ್ನು ಬಿಟ್ಟು ಈ ನಗರದ ಕಥೆಯನ್ನು ಹೇಳಿದರೆ ಅದು ಅರ್ಧ ಕಥೆ.

ಹೂವಿನಂಗಡಿ_ಮೂಲೆ:
ಗುಡಿಯಿಂದ ಹೊರಡುವ ನಡಿಗೆಯಲ್ಲಿ ಬಿರಿಯಾನಿಯನ್ನು ತರುವುದು ಬೇಡ ಸ್ವಾಮಿ. ಬಸವನಗುಡಿಯ ಹೆಸರೇ ಈ ತಿಂಡಿಗಳಿಂದ ನಿಂತಿರುವುದು.

ದೊನ್ನೆಭಕ್ತ:
ಹೆಸರು ಹೇಗೆ ನಿಂತಿತು ಎಂಬುದನ್ನು ಹೇಳುವುದೇ ಇತಿಹಾಸದ ನಡಿಗೆಯ ಕೆಲಸ. ಯಾರು ಎಲ್ಲಿ ಕೂತು ತಿನ್ನಬಹುದಾಗಿತ್ತು ಎಂಬ ಪ್ರಶ್ನೆಯನ್ನು ಎತ್ತದೆ, ತುಪ್ಪದ ಘಮವನ್ನು ಮಾತ್ರ ಹೊಗಳಿ ಮುಗಿಸುವುದಾದರೆ ಅದಕ್ಕೆ ಗೈಡ್ ಬೇಕಿಲ್ಲ, ಹೋಟೆಲಿನ ಬೋರ್ಡು ಸಾಕು.

ನಿವೃತ್ತ_ಮೇಷ್ಟ್ರು:
ದೊನ್ನೆಭಕ್ತರು ಕಟುವಾಗಿ ಹೇಳಿದರೂ ಮುಖ್ಯವಾದ ಮಾತನ್ನೇ ಹೇಳಿದ್ದಾರೆ. ಎಂ.ಟಿ.ಆರ್. 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಬಂದದ್ದು 1960ರಲ್ಲಿ. ಮನೆಯ ಹೊರಗೆ, ಅಪರಿಚಿತರ ಕೈಯಡುಗೆಯನ್ನು, ಅಪರಿಚಿತರ ಪಕ್ಕ ಕೂತು ತಿನ್ನುವುದೇ ಮಡಿ ಮೈಲಿಗೆಯ ಸಮಾಜದಲ್ಲಿ ದೊಡ್ಡ ಸಂಗತಿಯಾಗಿದ್ದ ಕಾಲವದು. ಅಡುಗೆಯವರು ಬ್ರಾಹ್ಮಣರು ಎಂದು ಬೋರ್ಡಿನಲ್ಲಿ ಸಾರುವುದು ಒಂದು ವರ್ಗದ ಗಿರಾಕಿಗಳಿಗೆ ಕೊಡುತ್ತಿದ್ದ ಭರವಸೆಯಾಗಿತ್ತು. ದಕ್ಷಿಣ ಭಾರತದ ಆಗಿನ ಎಷ್ಟೋ ಕಾಫಿ ಕ್ಲಬ್ಬುಗಳಲ್ಲಿ ಬ್ರಾಹ್ಮಣರಿಗೆ ಬೇರೆಯದೇ ಕೋಣೆ ಅಥವಾ ಸಾಲು ಇರುತ್ತಿತ್ತು. ಅದೇ ಹೋಟೆಲು, ಕಾಸು ಕೊಟ್ಟವರೆಲ್ಲ ಒಂದೇ ಮೇಜಿನಲ್ಲಿ ಕೂರುವ ಅಭ್ಯಾಸವನ್ನೂ ನಿಧಾನವಾಗಿ ತಂದಿತು. ಎರಡನ್ನೂ ಹೇಳಬೇಕು, ಒಂದನ್ನು ಮಾತ್ರ ಹೇಳುವುದು ಪಕ್ಷಪಾತ.

ಮಿಲಿಟರಿ ಹೋಟೆಲುಗಳ ವಿಷಯಕ್ಕೆ ಬಂದರೆ, ಅವುಗಳಲ್ಲಿ ಹಲವು ಮರಾಠಾ ಮೂಲದ ಕುಟುಂಬಗಳವು. ಆ ಪರಂಪರೆಯನ್ನು ಕುರಿತು ಹೇಳಲು ಬಿರಿಯಾನಿಯ ಎಲೆಯ ಮುಂದೆಯೇ ನಿಲ್ಲಬೇಕೆಂದಿಲ್ಲ.

ದೊನ್ನೆಭಕ್ತ:
ನಿಲ್ಲಬೇಕು ಮೇಷ್ಟ್ರೇ. ದೋಸೆಯ ಇತಿಹಾಸವನ್ನು ತಿನ್ನಿಸಿ ಹೇಳುವುದು, ಮಾಂಸದ ಇತಿಹಾಸವನ್ನು ಬಾಯಿಮಾತಿನಲ್ಲಿ ಮುಗಿಸುವುದು ಯಾವ ನ್ಯಾಯ? ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿಗೆ ಇಲ್ಲಿಂದ ಆಟೋದಲ್ಲಿ ಎಷ್ಟು ಹೊತ್ತಾಗುತ್ತದೆ?

ನಡೆಸುವವಳು:
ನಾನು ವೃತ್ತಿಯಿಂದಲೇ ಇಂಥ ನಡಿಗೆಗಳನ್ನು ನಡೆಸುತ್ತೇನೆ, ಆದ್ದರಿಂದ ಕೆಲವು ವ್ಯಾವಹಾರಿಕ ಮಾತುಗಳನ್ನು ಹೇಳುತ್ತೇನೆ. ಸಂಚಾರಿ ಅವರು ಹಾಕಿರುವ ಪಟ್ಟಿಯ ಮೊದಲ ತೊಂದರೆ ಇತಿಹಾಸದ್ದಲ್ಲ, ಹೊಟ್ಟೆಯದು. ಒಬ್ಬೊಬ್ಬರು ಒಂದೊಂದು ಮಸಾಲೆ ದೋಸೆಯನ್ನು ತಿಂದು ಮುಗಿಸಿದರೆ ಆಮೇಲೆ ಇಡ್ಲಿಯ ಕಥೆಯನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಕೂರಲು ಕಟ್ಟೆಯನ್ನು ಹುಡುಕುತ್ತಾರೆ. ಮೂವರಿಗೆ ಒಂದು ದೋಸೆ, ಒಬ್ಬರಿಗೆ ಒಂದು ಇಡ್ಲಿ, ಅರ್ಧ ಲೋಟ ಕಾಫಿ ಎಂದು ಹೊರಡುವ ಮೊದಲೇ ಹೇಳಿಬಿಡಬೇಕು.

ಎರಡನೆಯದಾಗಿ, ಹೋಟೆಲಿನ ಒಳಗೆ ಕಥೆ ಹೇಳಬೇಡಿ. ಹೊರಗೆ ಜನ ಸಾಲಿನಲ್ಲಿ ಕಾಯುತ್ತಿರುವಾಗ ಹದಿನೈದು ಮಂದಿ ಮೇಜುಗಳನ್ನು ಹಿಡಿದುಕೊಂಡು ಭಾಷಣ ಕೇಳುತ್ತಾ ಕೂತರೆ ಮಾಣಿಗೂ ಸಿಟ್ಟು, ಕಾಯುವವರಿಗೂ ಸಿಟ್ಟು. ಗುಂಪನ್ನು ಎರಡು ಮಾಡಿ, ಒಂದು ಗುಂಪು ತಿನ್ನುತ್ತಿರುವಾಗ ಇನ್ನೊಂದಕ್ಕೆ ಬಜಾರನ್ನು ತೋರಿಸಿ. ವಿದ್ಯಾರ್ಥಿ ಭವನದಲ್ಲಿ ಬಾಯಿಮಾತಿನ ವಿವರಣೆ ಬೇಕಾಗಿಯೂ ಇಲ್ಲ. ಮಾಣಿ ಮೊಣಕೈವರೆಗೆ ಒಂದರ ಮೇಲೊಂದು ತಟ್ಟೆಗಳನ್ನು ಜೋಡಿಸಿಕೊಂಡು ಮೇಜುಗಳ ನಡುವೆ ಸರಿದು ಬರುವುದು, ಗೋಡೆಯ ಮೇಲಿನ ಸಾಹಿತಿಗಳ ರೇಖಾಚಿತ್ರಗಳು, ಇವನ್ನು ನೋಡುತ್ತಾ ಅವರೇ ಪ್ರಶ್ನೆ ಕೇಳುತ್ತಾರೆ. 1943ರಲ್ಲಿ ಸುತ್ತಲಿನ ಶಾಲೆಗಳ ಹುಡುಗರಿಗಾಗಿ ಶುರುವಾದ ಜಾಗ ಎಂದು ಹೊರಗೇ ಒಂದು ವಾಕ್ಯ ಹೇಳಿದರೆ ಸಾಕು.

ಇತಿಹಾಸವನ್ನು ಹೇಳಲು ಇಡೀ ದಾರಿಯಲ್ಲಿ ಒಳ್ಳೆಯ ಜಾಗವೆಂದರೆ ಬ್ಯೂಗಲ್ ರಾಕ್ ಉದ್ಯಾನ. ನೆರಳಿದೆ, ಕೂರಲು ಬಂಡೆ ಇದೆ, ವಾಹನಗಳ ಗದ್ದಲ ಕಡಿಮೆ. ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಎಂದು ಹೇಳಿ ಶುರುಮಾಡಿದರೆ ಕೆಂಪೇಗೌಡರೂ ನೆರೆಮನೆಯವರಂತೆ ಕಾಣುತ್ತಾರೆ.

ನಾಲ್ಕನೇ_ಮೇನ್:
ಮೇಡಂ, ನಿಮ್ಮಂಥವರ ಗುಂಪುಗಳಿಂದಲೇ ನನಗೆ ಒಂದು ತಕರಾರಿದೆ. ನಮ್ಮ ಬೀದಿಯಲ್ಲಿ ಮಂಕಿ ಟಾಪ್ (ಕಿಟಕಿ, ಮುಂಬಾಗಿಲುಗಳ ಮೇಲಿನ ಚೂಪಾದ ಮರದ ಚಾಚು) ಇರುವ ಹಳೆಯ ಮನೆಗಳು ಇನ್ನೂ ಕೆಲವು ಉಳಿದಿವೆ. ರಜೆಯ ದಿನ ಬೆಳಿಗ್ಗೆ ಏಳಕ್ಕೆ ಯಾರೋ ಸೊಂಟಕ್ಕೆ ಧ್ವನಿವರ್ಧಕವನ್ನು ಕಟ್ಟಿಕೊಂಡು ಬಂದು ಗೇಟಿನ ಮುಂದೆ ನಿಂತು, ಒಳಗೆ ವಯಸ್ಸಾದವರು ಮಲಗಿದ್ದಾರೆ ಎಂಬ ಪರಿವೆಯೂ ಇಲ್ಲದೆ, ಈ ಮನೆಯ ಯಜಮಾನರು ಇಂಥವರಾಗಿದ್ದರು ಎಂದು ಸಾರುತ್ತಾರೆ. ಹೇಳುವುದರಲ್ಲಿ ಅರ್ಧ ತಪ್ಪು. ಒಮ್ಮೆ ನಮ್ಮ ತಾತನವರನ್ನು ಅವರು ಮಾಡಿರದ ಹುದ್ದೆಗೆ ಏರಿಸಿಬಿಟ್ಟರು. ತಾತನವರು ಬದುಕಿದ್ದರೆ ಬಾಕಿ ಸಂಬಳವನ್ನು ಕೇಳುತ್ತಿದ್ದರೋ ಏನೋ.

ನಡೆಸುವವಳು:
ಧ್ವನಿವರ್ಧಕವನ್ನು ಜನವಸತಿಯ ಬೀದಿಯಲ್ಲಿ ಬಳಸುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಮನೆಯ ಚಿತ್ರ ತೆಗೆಯುವ ಮೊದಲು ಮನೆಯವರನ್ನು ಕೇಳಬೇಕು. ಹದಿನೈದು ಜನಕ್ಕೆ ಧ್ವನಿವರ್ಧಕ ಬೇಕಾಗಿಯೂ ಇಲ್ಲ.

ಅಡುಗೆಮನೆ_ಅಕ್ಕ:
ರವೆ ಇಡ್ಲಿಯ ಕಥೆಯನ್ನು ಖಂಡಿತ ಇಟ್ಟುಕೊಳ್ಳಿ, ಆದರೆ ಅದು ಎಂ.ಟಿ.ಆರ್.ನವರೇ ಹೇಳಿಕೊಂಡು ಬಂದಿರುವ ಕಥೆ ಎಂದು ಸೇರಿಸಿ. ಹಿನ್ನೆಲೆಯಂತೂ ಗಟ್ಟಿಯಾಗಿದೆ: 1942ರಲ್ಲಿ ಜಪಾನೀಯರು ಬರ್ಮಾವನ್ನು ವಶಪಡಿಸಿಕೊಂಡಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು, ಅಕ್ಕಿಗೆ ತತ್ವಾರವಾಯಿತು. ಅಂಥ ಹೊತ್ತಿನಲ್ಲಿ ಅಕ್ಕಿಯಿಲ್ಲದ ಇಡ್ಲಿಯನ್ನು ಯೋಚಿಸಿದ್ದು ಸಹಜವೇ.

ಗೈಡುಗಳು ಹೇಳದೇ ಬಿಡುವುದು ಅಡುಗೆಯ ಭಾಗವನ್ನು. ಅಕ್ಕಿ ಇಡ್ಲಿಗೆ ನೆನೆಸುವುದು, ರುಬ್ಬುವುದು, ರಾತ್ರಿಯೆಲ್ಲ ಹುದುಗಿಸುವುದು ಬೇಕು. ರವೆ ಇಡ್ಲಿಗೆ ಇದಾವುದೂ ಬೇಡ. ತುಪ್ಪದಲ್ಲಿ ಸಾಸಿವೆ, ಮೆಣಸಿನಕಾಯಿಯ ಒಗ್ಗರಣೆ ಹಾಕಿ ರವೆಯನ್ನು ಹುರಿದು, ಮೊಸರಿನಲ್ಲಿ ಕಲಸಿ, ಚಿಟಿಕೆ ಸೋಡಾ ಹಾಕಿದರೆ ಆಯಿತು. ಹುಳಿಯನ್ನು ಮೊಸರು ಕೊಡುತ್ತದೆ, ಉಬ್ಬನ್ನು ಸೋಡಾ ಕೊಡುತ್ತದೆ. ತಟ್ಟೆಯ ತಳಕ್ಕೆ ಗೋಡಂಬಿಯ ಚೂರು, ಕೊತ್ತಂಬರಿ ಸೊಪ್ಪನ್ನು ಇಟ್ಟು ಹಿಟ್ಟು ಸುರಿದು ಬೇಯಿಸುತ್ತಾರೆ. ಇಡ್ಲಿಯನ್ನು ಮಗುಚಿದಾಗ ಗೋಡಂಬಿ ನೆತ್ತಿಯ ಮೇಲೆ ಕೂತಿರುತ್ತದೆ. ಅಕ್ಕಿಯ ಕೊರತೆ ತೀರಿದ ಮೇಲೂ ಈ ಇಡ್ಲಿ ಉಳಿದದ್ದಕ್ಕೆ ಈ ಅನುಕೂಲವೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಇನ್ನೊಂದು ಕೊಂಡಿಯೂ ಇದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಯನ್ನು ಇಳಿಸಿ ಕಟ್ಟುಹಾಕಿದಾಗ, ಗುಣಮಟ್ಟವನ್ನು ಬಿಟ್ಟುಕೊಟ್ಟು ನಡೆಸುವುದಕ್ಕಿಂತ ಎಂ.ಟಿ.ಆರ್. ಬಾಗಿಲು ಹಾಕಿತು, ಮತ್ತು ಆ ಅವಧಿಯಲ್ಲೇ ಸಿದ್ಧ ಮಿಶ್ರಣಗಳ ಕಡೆಗೆ ತಿರುಗಿತು. ಹುದುಗಿಸುವ ಅಗತ್ಯವಿಲ್ಲದ ರವೆ ಇಡ್ಲಿಯನ್ನು ಪೊಟ್ಟಣದಲ್ಲಿ ಮಾರುವುದು ಎಷ್ಟು ಸುಲಭ ಎಂದು ಯೋಚಿಸಿ ನೋಡಿ. ಯುದ್ಧ ಒಂದು ತಿಂಡಿಯನ್ನು ಕೊಟ್ಟಿತು, ಬೆಲೆ ನಿಯಂತ್ರಣ ಅದನ್ನು ದೇಶದ ಅಂಗಡಿಗಳಿಗೆಲ್ಲ ತಲುಪಿಸಿತು.

ಕಾಫಿಪ್ರಿಯೆ:
ಅಕ್ಕಾ, ಸೋಡಾ ಹಾಕಿದ್ದನ್ನು ಇಡ್ಲಿ ಎಂದು ನಾನು ಒಪ್ಪುವುದಿಲ್ಲ.

ಅಡುಗೆಮನೆ_ಅಕ್ಕ:
ಹತ್ತು ಹನ್ನೆರಡನೆಯ ಶತಮಾನದವರು ನೀವು ತಿನ್ನುವ ಇಡ್ಲಿಯನ್ನೂ ಒಪ್ಪುತ್ತಿರಲಿಲ್ಲವಮ್ಮ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಕಾಲದ 'ಮಾನಸೋಲ್ಲಾಸ'ದಲ್ಲಿ ವರ್ಣಿಸಿರುವುದು ಉದ್ದಿನಿಂದ ಮಾಡುವ ತಿಂಡಿಯನ್ನು. ಅದರಲ್ಲಿ ಅಕ್ಕಿಯೇ ಇಲ್ಲ. ಮಸಾಲೆ ದೋಸೆಯ ಆಲೂಗೆಡ್ಡೆ, ಕೆಂಪು ಚಟ್ನಿಯ ಮೆಣಸಿನಕಾಯಿ, ಎರಡೂ ಕಡಲೆಕಾಯಿಯಂತೆ ಅಮೆರಿಕದಿಂದ ಬಂದವು. ಹಳೆಯ ರುಚಿ ಎಂದು ನಾವು ಹೆಮ್ಮೆಪಡುವ ತಟ್ಟೆಯಲ್ಲಿ ಹಳೆಯದು ಎಷ್ಟಿದೆ ಎಂದು ಅತಿಥಿಗಳನ್ನೇ ಕೇಳಿ, ದೋಸೆ ಬರುವವರೆಗೆ ಹೊತ್ತು ಕಳೆಯುತ್ತದೆ.

ಮಲ್ಲೇಶ್ವರದವಳು:
ಇದನ್ನೆಲ್ಲ ಓದುತ್ತಿದ್ದರೆ ಪ್ಲೇಗಿನ ಕಥೆಯನ್ನು ಎಲ್ಲರೂ ಮರೆತಂತೆ ಕಾಣುತ್ತದೆ. ಬಸವನಗುಡಿಗೂ ನಮ್ಮ ಮಲ್ಲೇಶ್ವರಕ್ಕೂ ಅದೇ ಹಿನ್ನೆಲೆ. ಮಲ್ಲೇಶ್ವರದ ಕಾಫಿ ಮೇಲು ಎಂಬ ಮಾತನ್ನು ಇಲ್ಲಿ ಎತ್ತುವುದಿಲ್ಲ.

ಕಾಫಿಪ್ರಿಯೆ:
ಎತ್ತಿಯಾಯಿತಲ್ಲ.

ಶಾಸನಪ್ರಿಯ:
ಪ್ಲೇಗಿನ ಕಥೆ ಮೂರರಲ್ಲಿ ಅತ್ಯಂತ ಗಟ್ಟಿಯಾದದ್ದು, ಮತ್ತು ಕಣ್ಣಿಗೆ ಕಾಣುವಂಥದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಕಿಕ್ಕಿರಿದ ಗಲ್ಲಿಗಳಲ್ಲಿ ಜನ ಸಾವಿರಗಟ್ಟಲೆ ಸತ್ತರು. ಗಾಳಿ ಬೆಳಕು ಬರುವಂತೆ, ಅಗಲವಾದ ಬೀದಿಗಳನ್ನೂ ಮನೆಗಳ ಹಿಂದೆ ಕಸ ಮತ್ತು ಮಲ ಸಾಗಿಸುವ ಓಣಿಗಳನ್ನೂ ಇಟ್ಟು ಹೊಸ ಬಡಾವಣೆಗಳನ್ನು ಬೆಳೆಸಿದ್ದಕ್ಕೆ ಆ ಭಯವೂ ಒಂದು ದೊಡ್ಡ ಕಾರಣ. ಆ ಹಿಂಬದಿಯ ಓಣಿ ಉಳಿದಿರುವ ಕಡೆ ಅತಿಥಿಗಳನ್ನು ಎರಡು ನಿಮಿಷ ನಿಲ್ಲಿಸಿ. ಮುಂಬಾಗಿಲಿನ ಬೀದಿಯಲ್ಲಿ ಓಡಾಡುತ್ತಿದ್ದವರು ಯಾರು, ಹಿಂಬಾಗಿಲಿನ ಓಣಿಯಲ್ಲಿ ತಲೆಯ ಮೇಲೆ ಹೊರೆ ಹೊತ್ತು ಓಡಾಡುತ್ತಿದ್ದವರು ಯಾರು ಎಂಬುದನ್ನು ಹೇಳಿದರೆ ದೊನ್ನೆಭಕ್ತರು ಎತ್ತಿದ ಪ್ರಶ್ನೆಗೂ ಅಲ್ಲಿಯೇ ಒಂದು ಉತ್ತರ ಸಿಗುತ್ತದೆ.

ದೊನ್ನೆಭಕ್ತ:
ಇದಕ್ಕೆ ನನ್ನ ಪೂರ್ಣ ಸಹಮತವಿದೆ. ಬಿರಿಯಾನಿಯ ಬೇಡಿಕೆಯನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಹೂವಿನಂಗಡಿ_ಮೂಲೆ:
ತಿನ್ನಲು ಬಂದವರಿಗೆ ಹಿಂದಿನ ಓಣಿಯಲ್ಲಿ ನಿಲ್ಲಿಸಿ ಮಲದ ಕಥೆ ಹೇಳಬೇಕೇ?

ನಿವೃತ್ತ_ಮೇಷ್ಟ್ರು:
ತಿನ್ನುವ ಮೊದಲು ಹೇಳಲಿ. ಆಮೇಲೆ ಬೇಡ.

ನಡೆಸುವವಳು:
ಇನ್ನೊಂದನ್ನು ಯಾರೂ ಹೇಳಲಿಲ್ಲ. ಗಾಂಧಿ ಬಜಾರೆಂದರೆ ಹೋಟೆಲುಗಳಷ್ಟೇ ಅಲ್ಲ. ಹೂವು, ಹಣ್ಣು, ಬಾಳೆಲೆ, ಗ್ರಂಥಿಗೆ ಸಾಮಾನುಗಳ ಸಾಲಿನಲ್ಲಿ ಅರ್ಧ ಗಂಟೆ ಕಳೆಯಿರಿ, ಸುಬ್ಬಮ್ಮನ ಅಂಗಡಿಯಲ್ಲಿ ಕೋಡುಬಳೆಯನ್ನೋ ಕಾಂಗ್ರೆಸ್ ಕಡಲೆಬೀಜವನ್ನೋ ಕೊಂಡು ಕೈಗೆ ಕೊಡಿ. 1948ರಿಂದ ನಡೆದುಬಂದಿರುವ, ಒಬ್ಬ ಹೆಣ್ಣುಮಗಳು ಹಪ್ಪಳ ಸಂಡಿಗೆ ಮಾರಿ ಕಟ್ಟಿದ ವ್ಯಾಪಾರವದು. ನಿಮ್ಮ ಪಟ್ಟಿಯ ಉಳಿದ ಕಥೆಗಳೆಲ್ಲ ಗಂಡಸರವು. ಬೀದಿ ಬದಿಯ ವ್ಯಾಪಾರಿಗಳ ಬಳಿ ನಿಂತಾಗ ಏನಾದರೂ ಕೊಳ್ಳುವಂತೆ ಅತಿಥಿಗಳಿಗೆ ಹೇಳಿ. ಹದಿನೈದು ಜನ ಅಡ್ಡ ನಿಂತು ಚಿತ್ರ ತೆಗೆದುಕೊಂಡು ಹೋದರೆ ಅವರಿಗೆ ಬೆಳಗಿನ ಬೋಣಿಯೇ ಕೆಟ್ಟಂತೆ.

ಬೀದಿಸಂಚಾರಿ:
ಎಲ್ಲರಿಗೂ ಧನ್ಯವಾದಗಳು. ದಾರಿಯನ್ನು ಹೀಗೆ ಬದಲಿಸಿದ್ದೇನೆ. ದಿನ ಶನಿವಾರ, ಹೊರಡುವುದು ಆರೂವರೆಗೆ. ಮೊದಲು ಶಂಕರಪುರದಲ್ಲಿ ಇಡ್ಲಿ ಮತ್ತು ಅರ್ಧ ಕಾಫಿ. ಅಲ್ಲಿ ಸಾಂಬಾರು ಇಲ್ಲ, ಚಟ್ನಿ ಮಾತ್ರ ಎಂಬುದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಅಲ್ಲಿಂದ ಗಾಂಧಿ ಬಜಾರಿನತ್ತ ನಡೆಯುವಾಗ ಪ್ಲೇಗಿನ ಕಥೆ, ಮನೆಗಳ ಮುಂದೆ ನಿಲ್ಲದೆ. ಬಜಾರಿನಲ್ಲಿ ಎರಡು ಗುಂಪಾಗಿ ದೋಸೆ ಮತ್ತು ಮಾರುಕಟ್ಟೆ. ಬ್ಯೂಗಲ್ ರಾಕ್‌ನಲ್ಲಿ ಬಂಡೆಯ ಮೇಲೆ ಕೂತು ಕಾಫಿ ಕ್ಲಬ್ಬುಗಳ ಮತ್ತು ಮಿಲಿಟರಿ ಹೋಟೆಲುಗಳ ಮಾತು. ಕೊನೆಗೆ ಬಸವಣ್ಣನ ಗುಡಿ, ಅಲ್ಲಿ ಕಡಲೆಕಾಯಿಯ ಪ್ರತೀತಿಯನ್ನೂ ಬೆಳೆಯ ಇತಿಹಾಸವನ್ನೂ ಒಟ್ಟಿಗೆ ಹೇಳುತ್ತೇನೆ.

ಎಂ.ಟಿ.ಆರ್. ನಡೆಯಲು ದೂರವಾಗುವುದರಿಂದ ಅಲ್ಲಿಗೆ ಆಟೋ. ಮಧ್ಯಾಹ್ನದ ಊಟಕ್ಕೆ ಎರಡು ಆಯ್ಕೆಗಳನ್ನು ಕೊಡುತ್ತೇನೆ: ಒಂದು ಎಂ.ಟಿ.ಆರ್., ಇನ್ನೊಂದು ಜಯನಗರದ ಶಿವಾಜಿ ಮಿಲಿಟರಿ ಹೋಟೆಲು. ಯಾರು ಎಲ್ಲಿಗೆ ಎಂಬುದನ್ನು ಹಿಂದಿನ ದಿನವೇ ಬರೆಸಿಕೊಳ್ಳುತ್ತೇನೆ.

ದೊನ್ನೆಭಕ್ತ:
ಜಯನಗರದ ಆಟೋದಲ್ಲಿ ಯಾರು ಕಥೆ ಹೇಳುತ್ತಾರೆ? ನೀವು ಇನ್ನೊಂದು ಕಡೆ ಇರುತ್ತೀರಲ್ಲ. ನಾನು ಬರಲು ಸಿದ್ಧನಿದ್ದೇನೆ.

ಅಡುಗೆಮನೆ_ಅಕ್ಕ:
ಗುಡಿಯಲ್ಲಿ ಮುಗಿಸಿದ ಮೇಲೆ ಊಟದವರೆಗೆ ಎರಡು ಗಂಟೆ ಉಳಿಯುತ್ತದೆ. ಅಷ್ಟು ಹೊತ್ತು ಅವರನ್ನು ಎಲ್ಲಿ ಕೂರಿಸುತ್ತೀರಿ? ಲಾಲ್‌ಬಾಗಿಗೆ ಕರೆದೊಯ್ದರೆ ಎಂ.ಟಿ.ಆರ್. ಹತ್ತಿರವೂ ಆಗುತ್ತದೆ, ಹೈದರಾಲಿಯಿಂದ 1889ರ ಗಾಜಿನ ಮನೆಯವರೆಗೆ ಹೇಳಲು ಬೇಕಾದಷ್ಟಿದೆ.

ನಾಲ್ಕನೇ_ಮೇನ್:
ಅದಕ್ಕಿಂತ ಮುಖ್ಯವಾದದ್ದು: ಆರೂವರೆಗೆ ಹೊರಟು ಎರಡು ಕಡೆ ಕಾಫಿ ಕುಡಿಸುತ್ತೀರಿ, ಅತಿಥಿಗಳಲ್ಲಿ ವಯಸ್ಸಾದವರೂ ಇರಬಹುದು. ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂದು ನೋಡಿಕೊಂಡಿದ್ದೀರಾ?

ಬೀದಿಸಂಚಾರಿ:
ನಾಳೆ ಬೆಳಿಗ್ಗೆಯೇ ಅದಕ್ಕಾಗಿ ಒಂದು ಸುತ್ತು ಹಾಕಿ ಬರುತ್ತೇನೆ. ದೊನ್ನೆಭಕ್ತರೇ, ಜಯನಗರದ ಆಟೋ ನಿಮ್ಮದು.